ತಂಗಿಯ ಎಂಟೂವರೆ ನಿಮಿಷ

ನಾನು ಶೀಳನೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಪಿ.ಟಿ. ಮೇಷ್ಟ್ರು ಅಂದರೆ ಸೀಟಿ ಊದುವವನು ಎಂದುಕೊಂಡವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇಹದ್ದೂ ಒಂದು ಶಾಸ್ತ್ರ ಕಣ್ರೀ, ಓದಿ ಬಂದವನು ನಾನು, ಎಂದು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಜಗಳವಾಡಿದ್ದೇನೋ. ಆ ಶಾಸ್ತ್ರವೇ ಮನೆಯಲ್ಲಿ ನನ್ನ ಮಾನ ಕಳೆಯಿತು.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದದ್ದು ಅಮ್ಮ, ತಂಗಿ, ನಾನು. ತಂಗಿ ಕೇಂದ್ರ ಪಡೆಯ ಕಾನ್ಸ್‌ಟೇಬಲ್ ಕೆಲಸಕ್ಕೆ ಲಿಖಿತ ಪರೀಕ್ಷೆ ಪಾಸು ಮಾಡಿದ್ದಳು. ಉಳಿದದ್ದು ಓಟ: ಸಾವಿರದ ಆರುನೂರು ಮೀಟರು, ಎಂಟೂವರೆ ನಿಮಿಷದೊಳಗೆ. ವಯಸ್ಸಿನ ಮಿತಿ ನೋಡಿದರೆ ಅವಳಿಗೆ ಅದೇ ಕೊನೆಯ ಅವಕಾಶ.

"ಅಣ್ಣ, ಇದೊಂದ್ ಗೆಲ್ಲುಸ್ಬುಡು, ಆಮೇಲೆ ನಿನ್ನ ಏನೂ ಕೇಳಕಿಲ್ಲ" ಅಂದಳು.

ದೊಡ್ಡ ಹಾಳೆಯಲ್ಲಿ ವೇಳಾಪಟ್ಟಿ ಬರೆದು ನಡುಮನೆಯ ಗೋಡೆಗೆ ಅಂಟಿಸಿದೆ. ಸೋಮವಾರ ನಿಧಾನವಾದ ದೂರದ ಓಟ. ಬುಧವಾರ ಇಂಟರ್ವಲ್, ಅಂದರೆ ನಾನೂರು ಮೀಟರು ಬಿರುಸಾಗಿ ಓಡಿ, ಉಸಿರು ಹದಕ್ಕೆ ಬರುವಷ್ಟು ನಡೆದು, ಮತ್ತೆ ಓಡುವುದು. ಶುಕ್ರವಾರ ಬಸ್ಕಿ, ದಂಡ. ಭಾನುವಾರ ವಿಶ್ರಾಂತಿ. ಮೈಯಲ್ಲಿ ಶಕ್ತಿ ಹೇಗೆ ಹುಟ್ಟುತ್ತದೆ ಎಂದು ಒಲೆಯ ಮುಂದೆ ಕೂತು ಬಿಡಿಸಿ ಹೇಳಿದೆ. ಮೊದಲ ಹತ್ತು ಸೆಕೆಂಡು ಸ್ನಾಯುವಿನಲ್ಲೇ ಕೂಡಿಟ್ಟ ಶಕ್ತಿ. ಕಡ್ಡಿ ಗೀರಿದ ಹಾಗೆ. ಆಮೇಲಿನ ಒಂದೆರಡು ನಿಮಿಷ ತೆಂಗಿನ ಗರಿ ಭುಗ್ಗೆಂದ ಹಾಗೆ, ಉರಿ ಜೋರು, ಆದರೆ ಕಾಲು ಕಲ್ಲಾಗುತ್ತದೆ. ಕೊನೇತನಕ ಉರಿಯುವುದು ಸೌದೆ. ಅದಕ್ಕೆ ಗಾಳಿ ಬೇಕು, ಉಸಿರು ಬೇಕು.

ತಂಗಿ ಸೌದೆಯನ್ನು ಮುಂದಕ್ಕೆ ತಳ್ಳುತ್ತ, "ಒಲೆ ಇಚಾರ ನಂಗೇ ಯೋಳ್ಕೊಡ್ತೀಯಾ?" ಎಂದು ನಕ್ಕಳು.

ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದೆ. ಇನ್ನೂರು ಮೀಟರಿನ ಸುತ್ತು, ಎಂಟು ಸಲ ಸುತ್ತಬೇಕು. ಮೊದಲ ವಾರ ಒಂಬತ್ತು ನಿಮಿಷ ಹತ್ತು ಸೆಕೆಂಡು. ಮೂರನೇ ವಾರ ಎಂಟು ಐವತ್ತಕ್ಕೆ ಇಳಿಯಿತು, ನಾನು ಮೀಸೆ ತಿರುವಿದೆ. ಐದನೇ ವಾರ ಮತ್ತೆ ಒಂಬತ್ತು ದಾಟಿತು. ಇಳಿಯಬೇಕಾದ್ದು ಏರುವುದೆಂದರೇನು? ಮೈಗಳ್ಳತನ ಎಂದು ತೀರ್ಮಾನಿಸಿ ಇಂಟರ್ವಲ್ ಓಟ ಇನ್ನೆರಡು ಹೆಚ್ಚಿಸಿದೆ.

ಒಂದು ಬೆಳಗ್ಗೆ ಆರನೇ ಸುತ್ತಿಗೆ ಅವಳು ಗೆರೆಯ ಮೇಲೇ ಕುಕ್ಕರಿಸಿಬಿಟ್ಟಳು. ಖೋಖೋ ಅಭ್ಯಾಸಕ್ಕೆ ಬಂದಿದ್ದ ಹುಡುಗಿಯರು ನೋಡುತ್ತಿದ್ದರು. "ಏಳಮ್ಮಿ ಮೇಲೆ! ಸೋಂಬೇರಿ! ಬಾನುವಾರ ರೆಸ್ಟ್ ಬೇರೆ ಕೊಟ್ಟಿವ್ನಿ ನಿಂಗೆ!" ಎಂದು ಕೂಗಾಡಿದೆ.

ಅವಳು ಅಳಲಿಲ್ಲ. ಊದಿದ ಮೊಣಕಾಲ ಕೆಳಗೆ ಒತ್ತಿಕೊಳ್ಳುತ್ತ, "ರೆಸ್ಟು ಅಂತ ಬರ್ದಿದ್ದೀಯಲ್ಲ, ಅದ್ನ ಒಂದ್ಸಲ ನಮ್ಮ ಕೊಟ್ಟಿಗೆ ಅಸಗೊಳ್ಗೂ ಓದಿ ಯೋಳಣ್ಣ" ಅಂದಳು.

ನಾಲ್ಕು ಗಂಟೆಗೇ ಎದ್ದು ಕೊಟ್ಟಿಗೆ ಗುಡಿಸಿ, ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿಯೇ ಅವಳು ಮೈದಾನಕ್ಕೆ ಬರುತ್ತಿದ್ದಳು. ಅಮ್ಮನಿಗೆ ಮಂಡಿನೋವು. ಸಂಜೆ ಸೀಮೆಹುಲ್ಲು ಕೊಯ್ದು ಹೊರೆ ಹೊರುವುದೂ, ಮತ್ತೆ ಹಾಲು ಕರೆಯುವುದೂ ತಂಗಿಯೇ. ಎಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು, ಅವಳಿಟ್ಟ ಕಾಫಿ ಕುಡಿಯುತ್ತಲೇ ನಾನು ನೋಡುತ್ತಿದ್ದೆ. ಅದು ಮನೆಗೆಲಸ ಎಂದುಕೊಂಡಿದ್ದೆ, ದೇಹದ ದುಡಿಮೆಯ ಲೆಕ್ಕಕ್ಕೆ ಅದೂ ಸೇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಸ್ನಾಯು ಗಟ್ಟಿಯಾಗುವುದು ಓಡುವಾಗ ಅಲ್ಲ, ಆಮೇಲಿನ ವಿಶ್ರಾಂತಿಯಲ್ಲಿ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುವವನು ನಾನು. ಥೂ, ನನ್ನ ಓದಿಗೆ ಬೆಂಕಿ ಬೀಳ ಅನ್ನಿಸಿತು.

ಓಟಕ್ಕೆ ಇನ್ನು ಇಪ್ಪತ್ತೆರಡು ದಿನವಿತ್ತು. ಮಾರನೆಯ ದಿನದಿಂದ ಕೊಟ್ಟಿಗೆಗೆ ನಾನೇ ಇಳಿದೆ. ಕೆಂದ ಹಸು ಹತ್ತಿರ ಸೇರಿಸಲಿಲ್ಲ, ತೊಡೆಗೆ ಒಂದು ಒದೆ ಬಿಟ್ಟಿತು. "ನಿಂಗೆ ಅದು ಸೊರೆ ಬುಡಕಿಲ್ಲ ಕಣಪ್ಪ, ಮೊದ್ಲು ಮೈ ಸವರು, ಆಗ ಹಾಲು ಇಳುಸ್ತದೆ" ಎಂದು ಅಮ್ಮ ಗೋಡೆ ಹಿಡಿದು ನಿಂತು ಪಾಠ ಹೇಳಿದಳು. ಡೈರಿಯ ಸಾಲಿನಲ್ಲಿ ಒಬ್ಬ, "ಏನ್ ಮೇಷ್ಟ್ರೇ, ಸಸ್ಪೆಂಡ್ ಆಗೋದ್ರಾ?" ಅಂದ. ಮೂರನೇ ದಿನಕ್ಕೆ ಬೆರಳುಗಳು ಮಡಚಲಾರದಷ್ಟು ಹಿಡಿದುಕೊಂಡವು, ಸೀಟಿ ಹಿಡಿಯುವುದಕ್ಕೂ ಒದ್ದಾಡಿದೆ. ಸ್ನಾಯುವಿನ ತಾಳಿಕೆ ಎಂಬ ಪಾಠವನ್ನು ಅದುವರೆಗೂ ಎಷ್ಟು ಸಲೀಸಾಗಿ ಹೇಳುತ್ತಿದ್ದೆ!

ತಂಗಿ ಕಣ್ತುಂಬ ನಿದ್ದೆ ಮಾಡಿದಳು. ಮೊದಲ ಐದು ದಿನ ಓಟವನ್ನೇ ನಿಲ್ಲಿಸಿದೆ. ಆಮೇಲೆ ದಿನ ಬಿಟ್ಟು ದಿನ ಓಡಿಸಿದೆ. ಆಯ್ಕೆಯ ದಿನ ಬೇಲಿಯಾಚೆ ನಿಂತು ನನ್ನ ವಾಚಿನಲ್ಲಿ ನೋಡಿದೆ: ಎಂಟು ನಿಮಿಷ ಹದಿನೇಳು ಸೆಕೆಂಡು. ಪಕ್ಕದಲ್ಲಿದ್ದ ಯಾರೋ ಗುರುತಿಲ್ಲದವನನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ತರಬೇತಿಗೆ ಹೋದ ಎರಡನೇ ವಾರ ಅವಳ ಫೋನು ಬಂತು. ಅಮ್ಮನೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. "ಬೋ ಕಷ್ಟವೇನಮ್ಮಿ ಅಲ್ಲಿ?" ಎಂದು ಕೇಳಿದೆ.

"ಐದ್ ಗಂಟೆಗೇ ಏಳುಸ್ತಾರೆ ಅಂತ ಎಲ್ಲಾ ಅಳ್ತಾವ್ರೆ ಕಣಣ್ಣ" ಎಂದು ನಕ್ಕಳು. "ನಂಗೆ ಒಂದ್ಗಂಟೆ ನಿದ್ದೆ ಜಾಸ್ತಿ ಸಿಗ್ತಾ ಅದೆ. ಕುಂತಿದ್ ತಾವ್ಕೆ ಊಟ ಬೇರೆ. ಬಂದ್ ಮ್ಯಾಲೆ ಎಲ್ಡ್ ಕೇಜಿ ದಪ್ಪ ಆಗಿವ್ನಿ."

ನನಗೆ ನಾಚಿಕೆಯಾಯಿತು. ಅಮ್ಮ ನನ್ನ ಮುಖ ನೋಡಲಿಲ್ಲ, ನಾನೂ ಅಮ್ಮನ ಮುಖ ನೋಡಲಿಲ್ಲ.