ಟಿಟ್ಟಿಭದ ಮೊಟ್ಟೆಗೆ ಹೂಡಿದ ಕ್ಯಾಮೆರಾ

ನಾನು ನಾಲ್ಕು ಜನರ ನಡುವೆ ಬಾಯಿ ಬಿಡುವವಳಲ್ಲ. ಹಕ್ಕಿ ನೋಡಲು ಹೋಗುವುದೂ ಅದಕ್ಕೇ, ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಯುಗಾದಿ ಮುಗಿದ ಮೇಲೊಂದು ಭಾನುವಾರ ಯಾದಗಿರಿಯ ಭೀಮಾ ದಂಡೆಯ ಪಾರ್ಕಿಗೆ ನಮ್ಮ ಗುಂಪಿನ ಜೊತೆ ಹೋಗಿದ್ದೆ.

ದಂಡೆಯ ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿತ್ತು. ಗುಂಪಿನ ಹಿರಿಯರೊಬ್ಬರು ಫೋಟೊಗೆ ಅಡ್ಡವೆಂದು ಸುತ್ತಲಿನ ಹುಲ್ಲನ್ನೆಲ್ಲ ಕಿತ್ತು, ಎದುರಿಗೇ ಕ್ಯಾಮೆರಾ ಹೂಡಿ ಕುಳಿತರು. ಹಕ್ಕಿ ನಮ್ಮ ತಲೆಯ ಮೇಲೆ ಕಿರುಚುತ್ತ ಸುತ್ತತೊಡಗಿತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಮುಂಜಾನೆಯೇ ಕಲ್ಲು ಕಾಯುತ್ತದೆ. ತಾಯಿ ಬಂದು ನೆರಳಾಗಿ ನಿಲ್ಲದಿದ್ದರೆ ಮೊಟ್ಟೆಗಳು ಅಲ್ಲಿಯೇ ಬೇಯುತ್ತವೆ.

"ಸರ್, ಸ್ವಲ್ಪ ದೂರ ಸರೀರಿ," ಅಂದೆ.

"ಸುಮ್ನಿರವಾ ತಂಗಿ. ನೀ ಗದ್ದಲ ಮಾಡಿದ್ರ ಹಕ್ಕಿ ಬರಂಗಿಲ್ಲ."

"ನೀವು ಇಲ್ಲಿ ಕುಂತದ್ದಕ್ಕ ಅದು ಬರವಲ್ದ್ರಿ!"

"ಇಂಗ್ಲಿಷ್ ಸಾಲಿ ಕಲ್ತೋರಿಗೆ ಸಿಟ್ಟು ಮೂಗಿನ ತುದಿ ಮ್ಯಾಗ ನೋಡ್ರಿ," ಎಂದು ಅವರು ನಕ್ಕರು. ಉಳಿದವರೂ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಲೆನ್ಸಿಗೆ ಅಂಗೈ ಅಡ್ಡ ಹಿಡಿದೆ.

"ಏಳ್ರಿ ಮೊದಲ. ನೀವು ಏಳೂತನ ನಾ ಕೈ ತೆಗಿಯಂಗಿಲ್ಲ."

ಅಷ್ಟು ದೊಡ್ಡ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಅವರು ಗೊಣಗುತ್ತ ಎದ್ದರು. ನಾವೆಲ್ಲ ಬೇವಿನ ಮರದ ತನಕ ಹಿಂದೆ ಸರಿದ ಮೇಲೆ ಹಕ್ಕಿ ಇಳಿದು ಬಂದು, ಮೊಟ್ಟೆಗಳ ಮೇಲೆ ರೆಕ್ಕೆ ಬಿಚ್ಚಿ ನಿಂತಿತು.

ಆಗ ಬೇವಿನ ಮರದಡಿಯಿಂದ ತೆಗೆದ ಫೋಟೊವನ್ನೇ ಸಂಜೆ ಆ ಹಿರಿಯರು ವಾಟ್ಸಾಪ್ ಗುಂಪಿಗೆ ಹಾಕಿ, 'ನನ್ನ ತಾಳ್ಮೆಗೆ ಸಿಕ್ಕ ಫಲ' ಎಂದು ಬರೆದಿದ್ದರು. ಕೆಳಗೆ ಸಾಲುಸಾಲಾಗಿ ಕೈ ಮುಗಿದ ಚಿತ್ರಗಳು. "ತಾಳ್ಮಿ ಹಕ್ಕೀದ್ರಿ," ಎಂದು ನಾನು ಬರೆದೆ. ಉತ್ತರ ಕೊಡುವಷ್ಟೂ ತಾಳ್ಮೆ ಅವರಿಗಿರಲಿಲ್ಲ, ನನ್ನನ್ನು ಗುಂಪಿನಿಂದಲೇ ತೆಗೆದರು.