ಎರಡಕ್ಕೆ ಬಿದ್ದ ಗೇರು

ಚಿಕ್ಕಪ್ಪನ ಜೀಪನ್ನು ಹಿಂದೆ ಹಾಕಬೇಕೆಂದು ನಾನು ಹಟ ಹಿಡಿದದ್ದು ನಿಜ. ಅದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿಕಾರಿಪುರದಿಂದ ಸೊರಬಕ್ಕೆ ನೆಂಟರ ಮದುವೆಗೆ ಹೊರಟಿದ್ದೆವು. ಅಪ್ಪನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ನಮ್ಮ ಹಳೆಯ ಕಾರನ್ನು ನಾನೇ ಓಡಿಸುತ್ತಿದ್ದೆ. ಹೆಣ್ಣುಮಗಳು ಕಾರು ಬಿಡುವುದು ಚಿಕ್ಕಪ್ಪನಿಗೆ ಸೇರುತ್ತಿರಲಿಲ್ಲ. ಅವರ ಕಾಟ ತಾಳಲಾರದೆ ಅಪ್ಪ ಒಂದು ಮಾತು ಕೊಟ್ಟಿದ್ದರು: ಕಾರು ಯಾವತ್ತು ಇನ್ನೊಬ್ಬರ ಗಾಡಿಗೆ ಹಗ್ಗ ಕಟ್ಟಿಸಿಕೊಂಡು ಬರುತ್ತದೋ, ಅವತ್ತಿನಿಂದ ಕೀಲಿಕೈ ಚಿಕ್ಕಪ್ಪನದು. ಅಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ.

ಶಿರಾಳಕೊಪ್ಪ ದಾಟಿದ ಮೇಲೆ ಚಿಕ್ಕಪ್ಪ ಹಾರ್ನ್ ಹೊಡೆಯುತ್ತ ನಮ್ಮನ್ನು ಹಿಂದೆ ಹಾಕಿದರು. ಅಷ್ಟು ಸಾಲದೆ, ಕೈ ಹೊರಗೆ ಚಾಚಿ 'ಬಾ ಬಾ' ಎಂದು ಕರೆದರು, ಕರುವನ್ನು ಕರೆಯುವ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಳಿಜಾರಿನಲ್ಲಿ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಜೀಪಿನ ಪಕ್ಕಕ್ಕೆ ಬಂದಾಗ, ನಾಲ್ಕಕ್ಕೆ ಹಾಕಬೇಕಾದ ಕೈ ಅವಸರದಲ್ಲಿ ಎರಡಕ್ಕೆ ಹಾಕಿತು. ಕ್ಲಚ್ ಬಿಟ್ಟದ್ದೇ ತಡ, ಇಂಜಿನ್ ಕಿರುಚಿಕೊಂಡಿತು. ಮತ್ತೆ ಕ್ಲಚ್ ಒತ್ತುವಷ್ಟರಲ್ಲಿ ಒಳಗೆ ಏನೋ ಟಪ್ ಎಂದಿತ್ತು. ಕಾರು ಕುಂಟುತ್ತ ಹೋಗಿ ಒಂದು ಮೋರಿಯ ಹತ್ತಿರ ನಿಂತಿತು.

"ಎರಡಕ್ಕೆ ಬಿತ್ತು," ಎಂದರು ಪಕ್ಕದಲ್ಲಿ ಕೂತಿದ್ದ ಅಪ್ಪ. ಬೈಯಲಿಲ್ಲ.

ಚಿಕ್ಕಪ್ಪ ಜೀಪು ತಿರುಗಿಸಿಕೊಂಡು ಬಂದರು. ಹಗ್ಗ ಆಗಲೇ ಕೈಯಲ್ಲಿತ್ತು. "ಇಂಜಿನ್ ಹೋತು. ಕಟ್ಟಾಣ ಬಾ."

"ನೋಡ್ದೆ ಹೆಂಗೆ ಹೋತು ಅಂತೀರಿ? ಹಗ್ಗ ಜೀಪ್ನಾಗೇ ಇರ್ಲಿ, ಚಿಕ್ಕಪ್ಪ."

"ಅಲ್ಲಿ ಮುಹೂರ್ತ ಮೀರ್ತೈತಿ."

"ನೀವು ಹೋಗ್ರಿ. ನಮ್ಮ ಪಾಲಿನ ಅಕ್ಕಿಕಾಳೂ ನೀವೇ ಹಾಕ್ರಿ."

ಅವರು ಹೋಗಲಿಲ್ಲ. ಮರದ ನೆರಳಿಗೆ ಕೂತು ಬೀಡಿ ಹಚ್ಚಿದರು. ನಾನು ಸೋಲುವುದನ್ನು ನೋಡದೆ ಹೋಗಲು ಅವರಿಗೆ ಮನಸ್ಸಿರಲಿಲ್ಲ.

ಸ್ಟೇರಿಂಗ್ ಮುಟ್ಟಲು ಬಿಡುವ ಮೊದಲೇ ಅಪ್ಪ ನನಗೆ ಇಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿದ್ದರು. ಮದುವೆಗೆಂದು ಉಟ್ಟ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಂದೆ ಹ್ಯಾಂಡಲ್ ಹಾಕಿ ಇಂಜಿನ್ನನ್ನು ನಿಧಾನವಾಗಿ ತಿರುಗಿಸಿದೆ. ನಾಲ್ಕು ಸಿಲಿಂಡರಿನಲ್ಲೂ ಕೈಗೆ ಬಿಗಿ ಸಿಕ್ಕಿತು. ವಾಲ್ವ್ ಬಾಗಿದ್ದರೆ ಒಂದು ಕಡೆ ಸಡಿಲವಾಗಿರುತ್ತಿತ್ತು. ಹೋದ ಜೀವ ಅರ್ಧ ಬಂತು. ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿದಾಗ ಕಳ್ಳ ಸಿಕ್ಕಿದ. ವಾಲ್ವ್ ತೆರೆಯಲೆಂದು ಕೆಳಗಿನಿಂದ ನೂಕುವ ಪುಶ್‌ರಾಡ್, ಪೆನ್ಸಿಲಿನಷ್ಟು ದಪ್ಪದ ಉಕ್ಕಿನ ಕಡ್ಡಿ; ಎಂಟರಲ್ಲಿ ಒಂದು ಬಿಲ್ಲಿನಂತೆ ಬಾಗಿ ತನ್ನ ಜಾಗದಿಂದ ಜಾರಿತ್ತು.

ಹೊಸದು ಬೇಕೆಂದರೆ ಶಿವಮೊಗ್ಗಕ್ಕೆ ಹೋಗಬೇಕು. ಆದರೆ ಬಾಗಿದ ಕಡ್ಡಿಯೇನೂ ನನಗೆ ಹೊಸತಲ್ಲ. ಶಾಲೆಯಲ್ಲಿ ನಾವೆಲ್ಲ ಚರಕದಲ್ಲಿ ನೂಲುತ್ತಿದ್ದೆವು. ಕದಿರು ಸೊಟ್ಟಗಾದರೆ ಹಾಸುಗಲ್ಲಿನ ಮೇಲೆ ಉರುಳಿಸಿ, ಎಲ್ಲಿ ಅಡಿಯಿಂದ ಬೆಳಕು ತೂರುತ್ತದೋ ಅಲ್ಲಿ ಮೆಲ್ಲಗೆ ಬಡಿದು ನೇರ ಮಾಡುವುದೂ ನಮ್ಮದೇ ಕೆಲಸವಾಗಿತ್ತು. ಮೋರಿಯ ನುಣುಪು ಚಪ್ಪಡಿಯ ಮೇಲೆ ಪುಶ್‌ರಾಡನ್ನು ಹಾಗೇ ಉರುಳಿಸಿದೆ, ಸ್ಪ್ಯಾನರಿನಿಂದ ಬಡಿದೆ, ಮತ್ತೆ ಉರುಳಿಸಿದೆ. ಚಿಕ್ಕಪ್ಪನ ಮೂರು ಬೀಡಿ ಮುಗಿದವು. ಕೊನೆಗೆ ಕಡ್ಡಿ ಕುಪ್ಪಳಿಸದೆ ಉರುಳಿತು.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದಾಗ ಅಪ್ಪ ತಡವರಿಸುತ್ತ ಇಳಿದು ಬಂದು ಬಾನೆಟ್ಟಿನ ಹತ್ತಿರ ಕಿವಿಗೊಟ್ಟರು. "ನಾಲ್ಕೂ ಉಸಿರಾಡ್ತಾವೆ," ಎಂದರು.

"ತಪ್ಪಾತು ಅಂತನಾದ್ರೂ ಅನ್ನು," ಎಂದರು ಚಿಕ್ಕಪ್ಪ.

"ಗೇರ್ ಹಾಕಿದ್ದು ತಪ್ಪು. ಕಾರು ಬಿಟ್ಟಿದ್ದು ತಪ್ಪಲ್ಲ."

ಅವರು ಹಗ್ಗ ಸುತ್ತುತ್ತಿರುವಾಗಲೇ ನಾವು ಹೊರಟೆವು. ಬಾಯಿ ಜೋರಾಗಿತ್ತು, ನಿಜ. ಆದರೆ ಮುಂದಿನ ಇಳಿಜಾರು ಬಂದರೂ ಮೂರನೇ ಗೇರನ್ನು ಬಿಡಲು ಧೈರ್ಯ ಸಾಲಲಿಲ್ಲ. ಹಿಂದಿನಿಂದ ಜೀಪಿನ ಹಾರ್ನ್ ಹತ್ತಿರವಾಗುತ್ತಿತ್ತು. ಅಪ್ಪ ತಮಗೆ ಕಾಣದ ರಸ್ತೆಯ ಕಡೆಗೇ ಮುಖ ಮಾಡಿ ಕೂತಿದ್ದರು.

"ಇಂಜಿನ್ ಕೂಗ್ತೈತಿ, ಮಗಾ," ಎಂದರು. "ನಾಲ್ಕಕ್ಕೆ ಹಾಕು."

ಹಾಕಿದೆ.