ಆಮ್ರಪಾಲಿಯ ಅಪ್ಪನ ಜಡ್ಡು

ಹೊನವಾಡದ ನಮ್ಮ ಓಣಿಯ ಆಮ್ರಪಾಲಿ ಹಗಲು ವಿಜಯಪುರದಲ್ಲಿ ಬಿ.ಎಸ್ಸಿ. ಓದುತ್ತಾಳೆ. ಸಂಜೆ ಆರ್ಕೆಸ್ಟ್ರಾ ತಂಡದಲ್ಲಿ ಮಿರಿಮಿರಿ ಮಿಂಚುವ ತುಂಡು ಬಟ್ಟೆ ತೊಟ್ಟು ಕುಣಿಯುತ್ತಾಳೆ. ಕುಣಿತ ಮುಗಿಯುವವರೆಗೂ ಸಿಳ್ಳೆ ಹೊಡೆದವರೇ ಆಮೇಲೆ ವೇದಿಕೆಯ ಹಿಂದೆ ಬಂದು, ‘ಪಾಪ, ನಿನಗ ಏನ್ ಕಷ್ಟ ಬಂತವ್ವಾ?’ ಎನ್ನುತ್ತಾರೆ. ‘ಕುಣಿಯೂದಂದ್ರ ನನಗ ಖುಷಿ ರಿ’ ಎಂದು ನಿಜ ಹೇಳಿದರೆ ಮುಖ ಗಂಟಿಕ್ಕುತ್ತಾರೆ. ಈ ದೊಡ್ಡ ಮನುಷ್ಯರಿಗೆ ಕುಣಿಯುವ ಹುಡುಗಿ ಒಂದೋ ಕೆಟ್ಟವಳಾಗಿರಬೇಕು, ಇಲ್ಲವೇ ಗೋಳಿನವಳಾಗಿರಬೇಕು.

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಸಿದರಾಯಪ್ಪನೂ ಒಮ್ಮೆ ಹಾಗೇ ಕೇಳಿದ. ಬೇಸತ್ತ ಆಮ್ರಪಾಲಿ, ‘ಅಪ್ಪ ಹಾಸಿಗಿ ಹಿಡಿದಾನ್ರಿ’ ಎಂದುಬಿಟ್ಟಳು.

ಜಡ್ಡಾದವರನ್ನು ಮಾತಾಡಿಸದೆ ಬಿಡುವುದು ನಮ್ಮ ಕಡೆಯ ರೀತಿಯಲ್ಲ. ಮರುದಿನವೇ ಸಿದರಾಯಪ್ಪ ಬಾಳೆಹಣ್ಣು ಹಿಡಿದು ಅವರ ಮನೆಗೆ ಬಂದ. ಅಂಗಳದಲ್ಲಿ ಒಬ್ಬ ಗಟ್ಟಿ ಆಳು ಜೋಳದ ಚೀಲ ಹೊತ್ತು ಬರುತ್ತಿದ್ದ.

‘ಆಮ್ರಪಾಲಿ ಅಪ್ಪ ಧರ್ಮರಾಜ ಎಲ್ಲಿ ಮಲಗ್ಯಾನಪ್ಪಾ?’

‘ನಾನ ಧರ್ಮರಾಜ. ಯಾಕ್ರಿ?’

ಸಿದರಾಯಪ್ಪ ಅವಳು ಹೇಳಿದ್ದನ್ನು ಹೇಳಿದ. ಧರ್ಮರಾಜ ಚೀಲ ಇಳಿಸಿ ಬಿದ್ದು ಬಿದ್ದು ನಕ್ಕ. ವ್ಯಾಪಾರಿಗೆ ರೇಗಿತು.

‘ನೀ ನೋಡಿದ್ರ ಗುಂಡಕಲ್ಲಿನಂಗ ಇದ್ದೀ. ಮತ್ತ ಆಕಿ ಯಾಕ ಕುಣೀಬೇಕು?’

‘ನಿಮ್ಮ ಮನ್ಯಾಗ ಯಾರಿಗರ ಜಡ್ಡಾಗೇತೇನ್ರಿ?’

‘ಯಾರಿಗೂ ಇಲ್ಲಪ್ಪ. ಯಾಕ?’

‘ಮತ್ತ ನೀವ್ಯಾಕ ಕುಣಿತ ನೋಡಾಕ ಹೋಗಿದ್ರಿ?’

ಸಿದರಾಯಪ್ಪ ಬಂದ ದಾರಿ ಹಿಡಿದ. ಬಾಳೆಹಣ್ಣನ್ನು ಮಾತ್ರ ಮರೆಯದೆ ವಾಪಸು ಒಯ್ದ.